ಬತ್ತದ ಬಾವಿಯ ಹಾಳೆ

ನೂರಹನ್ನೆರಡನೇ ಪುಟದ ಎದುರಿಗೆ ನೂರಹದಿಮೂರು ಇರಬೇಕಿತ್ತು. ನೂರಹದಿನೈದು ಇತ್ತು!

ನಾಗೇಂದ್ರಪ್ಪ ಮೇಷ್ಟ್ರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕನ್ನಡಕದ ತಪ್ಪಲ್ಲ. ನಡುವಿನ ಹಾಳೆಯೇ ಇಲ್ಲ.

“ಏನಾತ್ರೀ ಮೇಷ್ಟ್ರೇ?” ಜಗಲಿಯ ಅಂಚಿನಲ್ಲಿ ಕೂತಿದ್ದ ಓಬವ್ವ ಕೇಳಿದಳು.

“ಹಾಳೆ ಇಲ್ಲ ಓಬವ್ವ.”

“ಇಲ್ಲ ಅಂದ್ರೆ? ನಾಳೆ ಹನ್ನೊಂದಕ್ಕೆ ವಿಚಾರಣೆ ಐತಲ್ರೀ! ಅದೊಂದನ್ನೇ ನಂಬ್ಕೊಂಡು ಬಿಳಿಚೋಡಿಂದ ಬಂದೀನಿ!”

ಮೇಷ್ಟ್ರು ಪಕ್ಕದ ಮನೆಯ ಹುಡುಗನನ್ನು ಠಾಣೆಗೆ ಓಡಿಸಿದರು.

ಒಂದು ತಾಸಿನೊಳಗೆ ಜಗಳೂರು ಠಾಣೆಯ ದಫೇದಾರ ಬೀರಲಿಂಗಪ್ಪ ತನ್ನ ಸೈಕಲ್ಲನ್ನು ಮೇಷ್ಟ್ರ ಮನೆಯ ಗೋಡೆಗೆ ಒರಗಿಸಿದ. ಅದು ಎಂಬತ್ತೆರಡರ ಮಾರ್ಚ್ ತಿಂಗಳು. ಬೆಳಗಿನ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಕಳಿಸುವಾಗ ಎಸ್.ಐ. ಸಾಹೇಬರು ನಕ್ಕಿದ್ದರು — “ಹಾಳೆ ಕಳುವಂತೆ ಕಣಯ್ಯ! ಒಂದೇ ಒಂದು ಹಾಳೆ! ಹೋಗಿ ನೋಡ್ಕೊಂಡು ಬಾ.” ಬೀರಲಿಂಗಪ್ಪನಿಗೆ ನಗು ಬಂದಿರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಎತ್ತು ಕದ್ದವರನ್ನು ಹಿಡಿದಿದ್ದ, ಪಂಪ್‌ಸೆಟ್ಟು ಕದ್ದವರನ್ನು ಹಿಡಿದಿದ್ದ, ಒಮ್ಮೆ ಒಬ್ಬ ಮಹಾಶಯ ಮನೆಯೊಳಗೆ ಏನೂ ಸಿಗದೆ ಬಾಗಿಲನ್ನೇ ಕಿತ್ತುಕೊಂಡು ಹೋದದ್ದನ್ನೂ ಕಂಡಿದ್ದ. ಇಷ್ಟು ಹಗುರವಾದ ಮಾಲನ್ನು ಯಾರಾದರೂ ಕದ್ದಿದ್ದಾರೆಂದರೆ ಕಾರಣ ಭಾರೀ ಇರಬೇಕು ಎಂದು ಅವನಿಗೆ ಅನಿಸಿತ್ತು.

“ಮೊದಲಿಂದ ಹೇಳ್ರಿ ಮೇಷ್ಟ್ರೇ. ಏನು ಪುಸ್ತಕ ಇದು?”

“ಪದಗಳ ಪುಸ್ತಕ.”

ಮೇಷ್ಟ್ರು ಅಡುಗೆಮನೆಗೆ ಹೊಂದಿಕೊಂಡ ಕೋಣೆಯ ಹಲಗೆ ತೋರಿಸಿದರು. ಅಲ್ಲಿ ಹತ್ತೊಂಬತ್ತು ದಪ್ಪ ಪುಸ್ತಕಗಳು ಸಾಲಾಗಿ ನಿಂತಿದ್ದವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಈಗ ಜಗಳೂರು — ವರ್ಗವಾದ ಕಡೆಯಲ್ಲೆಲ್ಲ ಇಂಗ್ಲಿಷ್ ಕಲಿಸುತ್ತ ಮೂವತ್ತೊಂದು ವರ್ಷ ಬರೆದದ್ದು. ಒಂದು ಪದಕ್ಕೆ ಒಂದು ಹಾಳೆ. ಅರ್ಥ ಬರೆದು ಸುಮ್ಮನಾಗುವ ಪೈಕಿಯಲ್ಲ ಮೇಷ್ಟ್ರು. ಆ ಪದವನ್ನು ಬಳಸುವುದು ಹೇಗೆಂದು ತೋರಿಸಲು ಅಚ್ಚಿನ ಪುಸ್ತಕದ ಉದಾಹರಣೆ ಅವರಿಗೆ ಸೇರದು. ಹೊನ್ನಾಳಿಯ ದೋಣಿಯವನಿಂದ ಹೊಳೆಯ ಸುಳಿಯ ಮಾತು, ನ್ಯಾಮತಿ ಸಂತೆಯ ಮೆಣಸಿನಕಾಯಿಯವಳಿಂದ ಘಾಟಿನ ಮಾತು, ಚನ್ನಗಿರಿ ಅಡಿಕೆ ಮಂಡಿಯ ಹಮಾಲನಿಂದ ಬೆನ್ನುನೋವಿನ ಮಾತು — ಹೀಗೆ ಕೇಳಿಕೊಂಡು ಬಂದು, ಇಂಗ್ಲಿಷಿಗೆ ತಿರುಗಿಸಿ, ತಾರೀಕು ಹಾಕಿ, ಹೇಳಿದವರಿಂದಲೇ ಕೆಳಗೆ ರುಜು ಹಾಕಿಸುತ್ತಿದ್ದರು. ಬರೆಯಲು ಬಾರದವರದು ಹೆಬ್ಬೆಟ್ಟು.

“ಸಾಕ್ಷಿ ಇಲ್ದೆ ಒಂದು ಪದಾನೂ ಇಲ್ಲ ಅನ್ರಿ!” ಎಂದ ಬೀರಲಿಂಗಪ್ಪ. ಏಳನೇ ಕ್ಲಾಸಿನ ಇಂಗ್ಲಿಷು ಅವನದು. ಅಕ್ಷರ ಕೂಡಿಸಬಲ್ಲ, ಅರ್ಥ ಹತ್ತದು. ಆದರೆ ಮೂವತ್ತೊಂದು ವರ್ಷದ ದುಡಿಮೆ ಎಂದರೇನೆಂದು ಗೊತ್ತಿತ್ತು. ಎದುರಿಗೆ ನಿಂತಿದ್ದ ಬಡಕಲು ಮನುಷ್ಯನ ಮೇಲೆ ಅವನಿಗೆ ಗೌರವ ಉಕ್ಕಿ ಬಂತು.

“ಇಷ್ಟನ್ನೆಲ್ಲ ಹೊಲಿದೋರು ಯಾರು?”

“ನಮ್ಮ ಮನೆಯವಳೇ. ಬಿಡಿ ಹಾಳೆ ಕೂಡಿಸಿ ಕೊಟ್ಟರೆ ದಬ್ಬಣದಲ್ಲಿ ಹೊಲಿದು ಕೊಡ್ತಾಳೆ.”

ಮೇಷ್ಟ್ರ ಹೆಂಡತಿ ಶಂಕರಮ್ಮ ಅಷ್ಟರಲ್ಲಿ ಮಜ್ಜಿಗೆ ತಂದಿಟ್ಟು ಒಳಗೆ ಹೋದರು.

“ಹೋದ ಹಾಳೇಲಿ ಯಾವ ಪದ ಇತ್ತು?”

“ಪೆರೆನಿಯಲ್.”

“ಹಂಗಂದ್ರೆ?”

ಇಷ್ಟು ಹೊತ್ತು ಸಪ್ಪಗಿದ್ದ ಮೇಷ್ಟ್ರ ಮುಖ ಅರಳಿತು. ಯಾರಾದರೂ ಪದದ ಅರ್ಥ ಕೇಳಿದರೆ ಮನೆಗೆ ಬೆಂಕಿ ಬಿದ್ದಿದ್ದರೂ ಹೇಳಿ ಮುಗಿಸುವ ಜಾತಿ ಅವರದು.

“ನೋಡ್ರಿ ದಫೇದಾರ್ರೇ, ಹಿಟ್ಟಿನ ಗಿರಣಿ ಬೆಳಗ್ಗೆಯಿಂದ ಒಂದೇ ಸಮ ಸದ್ದು ಮಾಡುತ್ತೆ. ಅದು ಕಂಟಿನ್ಯುಯಸ್. ಸಂಜೆಗೆ ನಿಲ್ಲುತ್ತೆ. ನಿಮ್ಮ ನೌಕರಿ ಪರ್ಮನೆಂಟು. ರಿಟೈರಾದ ದಿನ ಮುಗೀತು. ಪೆರೆನಿಯಲ್ ಅಂದ್ರೆ ಬೇರೆ. ವರ್ಷ ತಿರುಗಲಿ, ಕಾಲ ಬದಲಾಗಲಿ, ಇದ್ದೇ ಇರುತ್ತೆ. ಮಳೆಗಾಲದ ಹಳ್ಳ ಎಷ್ಟು ಜೋರಾಗಿ ಹರಿದರೂ ಪೆರೆನಿಯಲ್ ಅಲ್ಲ. ಕಡುಬೇಸಿಗೆಯಲ್ಲೂ ಕೊಡ ಮುಳುಗಿದರೆ ಆ ನೀರು ಪೆರೆನಿಯಲ್.”

“ನೀರಿಗೆ ಮಾತ್ರ ಹೇಳೋದೇನು?”

“ನೀರಿಗೆ, ಗಿಡಕ್ಕೆ ಮೊದಲು. ಆಮೇಲೆ ಮನುಷ್ಯರ ವಿಷಯಕ್ಕೂ ಬಳಸ್ತಾರೆ. ವರ್ಷವೂ ಕೇಳಿಬರೋ ದೂರು, ಹಳತಾಗದ ಹಾಡು — ಹೊಗಳಾಕೂ ಬರುತ್ತೆ, ಬೈಯಾಕೂ ಬರುತ್ತೆ.”

“ನಮ್ಮ ಸಾಹೇಬ್ರ ಸಿಟ್ಟು ಪೆರೆನಿಯಲ್.”

“ಭೇಷ್! ಸರಿಯಾದ ಬಳಕೆ!”

ಓಬವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ನೀವು ಪಾಠ ಮಾಡ್ಕೊಂತ ಕುಂತ್ರೆ ನಮ್ಮ ಬಾವಿ ಗತಿ ಏನ್ರೀ?”

ಅವಳು ಹೇಳಿದ್ದು ಇಷ್ಟು. ಬಿಳಿಚೋಡಿನ ಹಳ್ಳದ ಬಾವಿಗೆ ಎರಡು ತಿಂಗಳ ಹಿಂದೆ ಬಂಗಾರಪ್ಪ ಗೌಡ ತಂತಿಬೇಲಿ ಹಾಕಿಸಿದ್ದ. ಅಲ್ಲಿದ್ದದ್ದು ಬರೀ ಒಣಗುಂಡಿ, ಎಪ್ಪತ್ತೆರಡರಲ್ಲಿ ತಾನು ತೋಡಿಸಿ ನೀರು ಬರಿಸಿದ್ದು, ಆದ್ದರಿಂದ ಬಾವಿ ತನ್ನದು — ಇದು ಅವನ ವಾದ. ಕೇರಿಯ ನಲವತ್ತು ಮನೆಯವರು ಈಗ ಒಂದೂವರೆ ಮೈಲಿಯಿಂದ ನೀರು ಹೊರುತ್ತಿದ್ದರು. “ನಮ್ಮವ್ವ, ಅವರವ್ವ, ಎಲ್ಲಾ ಅಲ್ಲೇ ನೀರು ಸೇದಿದ್ದು” ಎಂದರೆ, “ನಿಮ್ಮ ಬಾಯಿಮಾತು ಯಾರು ಕೇಳ್ತಾರೆ? ಕಾಗದ ತೋರಿಸ್ರಿ” ಎಂದಿದ್ದ ಅವನ ವಕೀಲ.

“ಕಾಗದ ನನ್ನ ಹತ್ರ ಇತ್ತು,” ಎಂದರು ಮೇಷ್ಟ್ರು. “ಐವತ್ತಾರನೇ ಇಸವಿ ಮೇ ತಿಂಗಳು. ಬಂಗಾರಪ್ಪನ ಅಪ್ಪ ಹಾಲೇಶಪ್ಪ ಗೌಡರೇ ಆ ಬಾವಿ ಬಗ್ಗೆ ಹೇಳಿ ರುಜು ಹಾಕಿದ್ದರು. ಅವರು ನನಗೆ ಮಾವ. ಶಂಕರಮ್ಮನ ತಂದೆ.”

ಬೀರಲಿಂಗಪ್ಪ ಮಜ್ಜಿಗೆ ಲೋಟ ಕೆಳಗಿಟ್ಟ. ಈಗ ಹಾಳೆಯ ತೂಕ ಅವನಿಗೆ ತಿಳಿಯಿತು. ಬಂಗಾರಪ್ಪ ತೋಡಿಸಿದೆ ಅನ್ನುವ ಹದಿನಾರು ವರ್ಷ ಮೊದಲೇ ಅವನ ಅಪ್ಪ ಆ ನೀರು ಎಂದೂ ಬತ್ತದ್ದು ಎಂದಿದ್ದರೆ, ಆ ಒಂದು ಪದದ ಮುಂದೆ ಬಂಗಾರಪ್ಪನ ಬೇಲಿ ನಿಲ್ಲುವಂತಿರಲಿಲ್ಲ.

ಅವನು ಪುಸ್ತಕವನ್ನು ಬೆಳಕಿಗೆ ಹಿಡಿದ. ಹರಿದ ಗುರುತಿಲ್ಲ. ಬ್ಲೇಡಿನ ಗೆರೆ ಇಲ್ಲ. ಹೊಲಿಗೆ ಬಿಗಿಯಾಗಿದೆ. ವಕೀಲ ನಾಳೆ ಏನು ಹೇಳುತ್ತಾನೆಂದು ಈಗಲೇ ಕಿವಿಗೆ ಬಿದ್ದಂತಾಯಿತು — ಇಂಥ ಹಾಳೆಯೇ ಇರಲಿಲ್ಲ ಸ್ವಾಮಿ, ಮೇಷ್ಟ್ರು ಪುಟದ ಲೆಕ್ಕ ತಪ್ಪಿದ್ದಾರೆ!

“ಈ ಪುಸ್ತಕದಲ್ಲಿ ಪದಗಳು ಅಕಾರಾದಿಯಾಗಿ ಅದಾವೇನ್ರೀ?”

“ಇಲ್ಲ. ಸಿಕ್ಕ ಸಿಕ್ಕ ಹಾಗೆ ಬರೆದದ್ದು. ಯಾವ ಪದ ಎಲ್ಲಿದೆ ಅನ್ನೋ ಪಟ್ಟಿ ನನ್ನ ಮೇಜಿನ ಡ್ರಾಯರ್‌ನಲ್ಲಿ ಬೀಗದೊಳಗಿದೆ.”

“ಈ ಪುಸ್ತಕ ಓದಿದೋರು ಮತ್ಯಾರು?”

ಮೇಷ್ಟ್ರು ಹಿಂದೆಮುಂದೆ ನೋಡಿದರು. “ಮಲ್ಲೇಶಪ್ಪ. ನಮ್ಮ ಸ್ಕೂಲಿನ ಹೊಸ ಇಂಗ್ಲಿಷ್ ಮೇಷ್ಟ್ರು, ಚನ್ನಗಿರಿಯ ಹುಡುಗ. ಅಚ್ಚು ಮಾಡಿಸೋಣ ಅಂತ ಹೋದ ತಿಂಗಳು ಎಲ್ಲಾ ಓದಿದ. ಆದರೆ ಅವನು ಕಳ್ಳನಲ್ಲ ದಫೇದಾರ್ರೇ!”

ಮಧ್ಯಾಹ್ನದ ಹೊತ್ತಿಗೆ ಎಸ್.ಐ. ಸಾಹೇಬರ ಕಿವಿಗೂ ಮಲ್ಲೇಶಪ್ಪನ ಹೆಸರು ಬಿತ್ತು. ಅವರಿಗೆ ಕೇಸು ಅಲ್ಲಿಗೇ ಮುಗಿದಿತ್ತು. “ಇಂಗ್ಲಿಷ್ ಬರದೋನು ಇಂಗ್ಲಿಷ್ ಹಾಳೆ ಹುಡುಕ್ತಾನೇನಯ್ಯ? ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಇಬ್ಬರೂ ಕುಂತಿದ್ದನ್ನ ಜನ ನೋಡಿದಾರೆ. ಬಂಗಾರಪ್ಪ ಅವನ ಕೈಲಿ ಕದಿಸಿದಾನೆ. ಎಳ್ಕೊಂಡು ಬಾ!” ಸಂಜೆಯವರೆಗೆ ಪುರುಸೊತ್ತು ಕೊಡಿ ಎಂದು ಬೇಡಿಕೊಂಡು ಬೀರಲಿಂಗಪ್ಪ ಸ್ಕೂಲಿಗೆ ಹೋದ.

ಮಲ್ಲೇಶಪ್ಪನಿಗೆ ನೌಕರಿ ಸಿಕ್ಕಿ ಇನ್ನೂ ವರ್ಷ ತುಂಬಿರಲಿಲ್ಲ. ಖಾಕಿ ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

“ಬಸ್‌ಸ್ಟ್ಯಾಂಡ್ ಹೋಟ್ಲಲ್ಲಿ ಬಂಗಾರಪ್ಪನ ಜೊತೆ ಕುಂತಿದ್ರಂತೆ?”

“ಜೊತೆಗಲ್ಲ ಸಾರ್! ನಾನು ನಮ್ಮ ಸ್ಟಾಫಿನವರ ಹತ್ರ ಮೇಷ್ಟ್ರ ಪುಸ್ತಕ ಹೊಗಳ್ತಾ ಇದ್ದೆ. ಪೆರೆನಿಯಲ್ ಅನ್ನೋದಕ್ಕೆ ಎಂಥಾ ಚೆಂದದ ಉದಾಹರಣೆ ಕೊಟ್ಟಿದ್ದಾರೆ, ಬಿಳಿಚೋಡಿನ ಗೌಡರು ರುಜು ಹಾಕಿದ್ದಾರೆ ಅಂತ. ಹಿಂದಿನ ಬೆಂಚಲ್ಲಿ ಅವರು ಇದ್ದದ್ದು ನಾನು ನೋಡಲಿಲ್ಲ.”

“ಯಾವತ್ತು?”

“ಹೋದ ವಾರ.”

“ಪುಸ್ತಕ ವಾಪಸ್ ಕೊಟ್ಟ ಮೇಲೆ ಮತ್ತೆ ಮುಟ್ಟಿದ್ರಾ?”

“ಇಲ್ಲ ಸಾರ್. ನಮ್ಮಪ್ಪನಾಣೆ ಇಲ್ಲ.”

ಬೀರಲಿಂಗಪ್ಪ ಅವನನ್ನು ಠಾಣೆಗೆ ಒಯ್ಯಲಿಲ್ಲ. “ನನ್ನ ಸೈಕಲ್ ಹಿಂದೆ ಕುಂದ್ರಿ. ನಿಮ್ಮ ಇಂಗ್ಲಿಷು ಬೇಕಾಗೈತೆ” ಎಂದ.

ಮೇಷ್ಟ್ರ ಮನೆಯಲ್ಲಿ ಹತ್ತೊಂಬತ್ತು ಪುಸ್ತಕಗಳನ್ನೂ ನೆಲಕ್ಕಿಳಿಸಿ, ಮೂವರೂ ಕೂತು ಪುಟದ ನಂಬರು ನೋಡತೊಡಗಿದರು. ಎರಡು ತಾಸು ಹಿಡಿಯಿತು. ನಾಲ್ಕನೇ ಪುಸ್ತಕದಲ್ಲಿ ಇನ್ನೊಂದು ಹಾಳೆ ಇಲ್ಲ! ಏಳನೆಯದರಲ್ಲಿ ಮತ್ತೊಂದು!

ಮೇಷ್ಟ್ರು ಡ್ರಾಯರ್ ತೆಗೆದು ಪಟ್ಟಿ ನೋಡಿದರು. “ಒಂದು, ಜೆನರಸ್. ಉದಾರ ಅಂತ ಅರ್ಥ. ಇನ್ನೊಂದು, ಸ್ಟಬರ್ನ್. ಹಟಮಾರಿ. ಬಾವಿಗೂ ಇವಕ್ಕೂ ಏನು ಸಂಬಂಧ?”

“ಏನೂ ಇಲ್ಲ ಸಾರ್,” ಎಂದ ಮಲ್ಲೇಶಪ್ಪ. “ಇವನ್ನ ಯಾಕೆ ಕದೀಬೇಕು?”

“ಜೆನರಸ್ ಅನ್ನೋದಕ್ಕೆ ಉದಾಹರಣೆ ಹೇಳಿದೋರು ಯಾರು, ನೆನಪೈತೇನ್ರೀ?”

ಮೇಷ್ಟ್ರು ಕಣ್ಣು ಮುಚ್ಚಿದರು. “ಮಾವನವರು. ನಮ್ಮ ಅತ್ತೆಯ ಬಗ್ಗೆ ಹೇಳಿದ್ದರು.”

“ಸ್ಟಬರ್ನು?”

“ಅದೂ… ಮಾವನವರೇ. ಅವರ ಹೋರಿಯ ಬಗ್ಗೆ.” ಮೇಷ್ಟ್ರು ಕಣ್ಣು ತೆರೆದರು. “ಅಯ್ಯೋ! ಮೂರೂ ಅವರವೇ!”

ಬೀರಲಿಂಗಪ್ಪ ಮೂರೂ ಪುಸ್ತಕಗಳ ಬೆನ್ನನ್ನು ತಿರುಗಿಸಿ, ಹೊಲಿಗೆಯ ಕೊನೆಯ ಗಂಟನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಉಳಿದ ಪುಸ್ತಕಗಳದನ್ನೂ ಸವರಿದ. ಅವನ ಅಪ್ಪ ಹೊನ್ನಾಳಿ ಕಡೆ ಕಂಬಳಿ ನೇಯುತ್ತಿದ್ದವನು. ಕಡಿದ ಎಳೆಗೆ ಗಂಟು ಹಾಕುವುದನ್ನು ನಡೆಯಲು ಕಲಿಯುವ ಮೊದಲೇ ಕಲಿತಿದ್ದೆ ಎಂದು ಬೀರಲಿಂಗಪ್ಪ ಹೇಳಿಕೊಳ್ಳುವುದುಂಟು. ಸ್ವಲ್ಪ ಹೆಚ್ಚಾಯಿತು ಎನ್ನಿ, ಆದರೂ ಪೂರ್ತಿ ಸುಳ್ಳಲ್ಲ.

ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

“ಶಂಕರಮ್ಮಾರೇ, ಈಚೆಗೆ ಮನೆಗೆ ಯಾರಾದ್ರೂ ಬಂದಿದ್ರೇನ್ರೀ?”

“ನನ್ನ ತಮ್ಮ ಬಂದಿದ್ದ. ಮೂರು ದಿನ ಆತು.” ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಯುಗಾದಿಗೆ ಅಂತ ಸೀರೆ ತಂದುಕೊಟ್ಟ. ಅಪ್ಪ ಸತ್ತಾಗಿಂದ ಹತ್ತು ವರ್ಷ ಈ ಕಡೆ ತಲೆ ಹಾಕಿರಲಿಲ್ಲ.”

“ಕೋಣೆಯೊಳಗೆ ಹೋಗಿದ್ನೇನ್ರೀ?”

“ಜಗಲಿ ದಾಟಲಿಲ್ಲ. ಮಜ್ಜಿಗೆ ಕುಡಿದು ಹೋದ.”

“ಹಾಳೆ ವಿಷಯ ಏನಾದ್ರೂ ಎತ್ತಿದ್ನಾ?”

ರೊಟ್ಟಿಯ ಸದ್ದು ನಿಂತಿತು. “ನನಗೆ ಇಂಗ್ಲಿಷು ಬರಲ್ಲ ದಫೇದಾರ್ರೇ.”

ಕೇಳಿದ್ದಕ್ಕೂ ಹೇಳಿದ್ದಕ್ಕೂ ತಾಳೆಯಿರಲಿಲ್ಲ. ಬೀರಲಿಂಗಪ್ಪ ಪಡಸಾಲೆಗೆ ಬಂದು ಕೂತ. ಹೇಳುವುದನ್ನು ಹೇಳಲೇಬೇಕಿತ್ತು, ಅವನಿಗೆ ಮನಸ್ಸಿರಲಿಲ್ಲ. ಸಂಜೆಯ ಬಿಸಿಲು ಜಗಲಿಯಿಂದ ಇಳಿಯುತ್ತಿತ್ತು. ಓಬವ್ವ ಕಂಬಕ್ಕೆ ಒರಗಿ ಕಾಯುತ್ತಿದ್ದಳು.

“ನಾವೆಲ್ಲ ಒಂದು ತಪ್ಪು ಮಾಡಿದ್ವಿ,” ಎಂದ. “ಇಂಗ್ಲಿಷ್ ಹಾಳೆ ಹೋಗೈತೆ, ಅದಕ್ಕೆ ಇಂಗ್ಲಿಷ್ ಬರೋನೇ ಕದ್ದಾನೆ ಅಂದ್ವಿ. ಮಲ್ಲೇಶಪ್ಪನೋರು ಕದ್ದಿದ್ರೆ ಒಂದೇ ಹಾಳೆ ಹೋಗ್ತಿತ್ತು. ಹೋಗಿದ್ದು ಮೂರು. ಯಾಕೆ? ಕದ್ದೋರಿಗೆ ಯಾವ ಹಾಳೆಯಲ್ಲಿ ಬಾವಿ ಐತೆ, ಯಾವುದರಲ್ಲಿ ಹೋರಿ ಐತೆ ಗೊತ್ತಿಲ್ಲ. ಅವರು ನೋಡಿದ್ದು ಒಂದೇ. ಕೆಳಗಿನ ರುಜು. ಹಾಲೇಶಪ್ಪ ಗೌಡ್ರ ರುಜು ಇರೋ ಹಾಳೆ ಎಲ್ಲಾ ತೆಗೆದ್ರು.”

“ಅಂದರೆ ಬಂಗಾರಪ್ಪನೇ!” ಎಂದರು ಮೇಷ್ಟ್ರು.

“ಅವನು ಜಗಲಿ ದಾಟಿಲ್ಲ. ಅಲ್ದೆ, ಹೊರಗಿನ ಕಳ್ಳ ಹಾಳೆ ಹರೀತಾನೆ ಮೇಷ್ಟ್ರೇ. ಹೊಲಿಗೆ ಬಿಚ್ಚಿ, ಹಾಳೆ ತೆಗೆದು, ತಿರುಗಿ ಹೊಲಿದು ಇಡೋ ಕಳ್ಳನ್ನ ನಾನು ಇದುವರೆಗೂ ಕಂಡಿಲ್ಲ. ಹದಿನಾರು ಪುಸ್ತಕದ ದಾರ ಅಡುಗೆಮನೆ ಹೊಗೆ ಹಿಡಿದು ಕಂದಾಗೈತೆ. ಈ ಮೂರರ ದಾರ ಬೆಳ್ಳಗೈತೆ. ಆದ್ರೆ ಗಂಟು? ಹತ್ತೊಂಬತ್ತರಲ್ಲೂ ಒಂದೇ ಗಂಟು. ಎರಡು ಸುತ್ತು ಹಾಕಿ, ತುದೀನ ತೂತಿನೊಳಗೇ ತಳ್ಳಿರೋದು. ಒಂದೇ ಕೈಯ ಕೆಲಸ. ಈ ಪುಸ್ತಕ ಹರಿದು ಹಾಳಾಗಬಾರದು ಅನ್ನೋ ಕಾಳಜಿ ಇರೋ ಕೈ.”

ಮೇಷ್ಟ್ರು ನಿಧಾನವಾಗಿ ಅಡುಗೆಮನೆಯ ಕಡೆ ತಿರುಗಿದರು. ಶಂಕರಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು.

“ನೀನಾ?”

“ನಾನೇ.” ಶಂಕರಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಅಪ್ಪನ ಹೆಸರು ಕಚೇರಿ ಮೆಟ್ಟಿಲು ಹತ್ತಬಾರದು ಅಕ್ಕ, ಅಪ್ಪನ ರುಜು ಇರೋದನ್ನ ತೆಗೆದಿಡು ಅಂದ. ತೆಗೆದ್ರೆ ಹಬ್ಬಕ್ಕೆ ಬಂದು ಕರ್ಕೊಂಡು ಹೋಗ್ತೀನಿ, ಇಲ್ದಿದ್ರೆ ತವರು ಮರೆತುಬಿಡು ಅಂದ. ಹತ್ತು ವರ್ಷ ಆತ್ರೀ, ನಾನು ಆ ಹೊಸ್ತಿಲು ತುಳಿದು! ನೀವು ಸ್ಕೂಲಿಗೆ ಹೋದಾಗ ಬಿಚ್ಚಿದೆ. ಏನು ಬರೆದೈತೋ ನನಗೇನು ಗೊತ್ತು? ಗೊತ್ತು ಮಾಡ್ಕೊಳ್ಳಾಕೂ ಹೋಗಲಿಲ್ಲ.”

“ಸುಟ್ಟುಬಿಟ್ಟಿರಾ?” ಬೀರಲಿಂಗಪ್ಪ ಕೇಳಿದ.

“ಅಪ್ಪನ ರುಜು ಹೆಂಗ್ರೀ ಸುಡ್ಲಿ?”

ಅವರು ಒಳಗೆ ಹೋಗಿ ಟ್ರಂಕು ತೆರೆದರು. ಹೊಸ ಸೀರೆಯ ಮಡಿಕೆಯೊಳಗಿನಿಂದ ಮೂರು ಹಾಳೆ ತಂದು ಗಂಡನ ಮುಂದೆ ಹಿಡಿದರು. ಮೇಷ್ಟ್ರು ಬೈಯುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರು. ಅವರು ಬೈಯಲಿಲ್ಲ. ಅವರ ಮುಖದಲ್ಲಿ ನಾಚಿಕೆಯಿತ್ತು.

“ಇಪ್ಪತ್ತೇಳು ವರ್ಷ ನೀನು ಹೊಲಿದೆ,” ಎಂದರು. “ಒಂದು ಹಾಳೇನೂ ನಾನು ನಿನಗೆ ಓದಿ ಹೇಳಲಿಲ್ಲ.”

ಅಲ್ಲಿಯೇ ನಿಂತು, ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಓದಿದರು — “ಪೆರೆನಿಯಲ್. ಬಿಳಿಚೋಡಿನ ಹಳ್ಳದ ಬಾವಿ ಪೆರೆನಿಯಲ್. ತೋಡಿಸಿದವರು ಯಾರೋ, ನಮ್ಮ ಮನೆತನವಂತೂ ಅಲ್ಲ. ನಮ್ಮಪ್ಪನ ಕಾಲದ ಬರದಲ್ಲೂ ಅದು ಬತ್ತಲಿಲ್ಲ. ಊರಿನವರೂ ಕೇರಿಯವರೂ ಕೂಡಿಯೇ ಸೇದಿದರು. ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಮಗಳು ಶಂಕರಿಯ ಮದುವೆಗೆ ಗಂಗೆಪೂಜೆ ಮಾಡಿ ಐದು ಕೊಡ ನೀರು ತಂದದ್ದೂ ಅದರಿಂದಲೇ. ಹಾಲೇಶಪ್ಪ.”

ಶಂಕರಮ್ಮ ಗೋಡೆ ಹಿಡಿದುಕೊಂಡು ಕೆಳಗೆ ಕೂತರು.

“ಹೌದು,” ಎಂದರು. “ಮೆಟ್ಲಿಗೆ ಅರಿಶಿನ ಹಚ್ಚಿದ್ದು ನಾನೇ. ನಾಲ್ಕನೇ ಮೆಟ್ಲತನಕ ನೀರಿತ್ತು. ಅದನ್ನ ಒಣಗುಂಡಿ ಅಂತಾನಾ ನನ್ನ ತಮ್ಮ?”

ಬೀರಲಿಂಗಪ್ಪ ಆ ರಾತ್ರಿ ಠಾಣೆಯ ಡೈರಿಯಲ್ಲಿ “ಹಾಳೆ ಮನೆಯಲ್ಲೇ ಸಿಕ್ಕಿತು” ಎಂದಷ್ಟೇ ಬರೆದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮರುದಿನ ತಾಲ್ಲೂಕು ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿಚೋಡಿನ ಕೇರಿಯ ಹೆಂಗಸರು ಗೋಡೆಯುದ್ದಕ್ಕೂ ನಿಂತಿದ್ದರು. ತಹಶೀಲ್ದಾರರು ಹಾಳೆಯನ್ನು ಎರಡು ಸಲ ಓದಿ ಮೇಷ್ಟ್ರನ್ನು ಕೇಳಿದರು, “ಪೆರೆನಿಯಲ್ ಅಂತ ತಿಳಿದೇ ಬರೆದಿದ್ದೀರೋ, ಸುಮ್ಮನೆ ಚೆಂದಕ್ಕೆ ಬರೆದಿದ್ದೀರೋ?”

“ಪದವನ್ನು ಚೆಂದಕ್ಕೆ ಬಳಸೋ ಅಭ್ಯಾಸ ನನಗಿಲ್ಲ ಸ್ವಾಮಿ. ಮೇ ತಿಂಗಳಲ್ಲಿ ನಿಂತು ನೋಡಿ ಬರೆದದ್ದು.”

ಬಂಗಾರಪ್ಪನ ವಕೀಲ ಎದ್ದ. “ಪದ ಸರಿಯೇ ಇರಲಿ ಸ್ವಾಮಿ. ರುಜು ಹಾಲೇಶಪ್ಪ ಗೌಡರದೇ ಅನ್ನೋದಕ್ಕೆ ಏನು ಆಧಾರ? ಇದನ್ನು ಮೇಷ್ಟ್ರೇ ಕೂತು ಬರೆದುಕೊಂಡಿರಬಹುದಲ್ಲ?”

ತಹಶೀಲ್ದಾರರು ಹಾಳೆ ಕೆಳಗಿಟ್ಟರು. ಓಬವ್ವ ತಾನು ಕೂತ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಆಗ ಹಿಂದಿನಿಂದ ಶಂಕರಮ್ಮ ಎದ್ದು ಮುಂದೆ ಬಂದರು. ಅವರು ಉಟ್ಟದ್ದು ಹಳೆಯ ಸೀರೆ.

“ಆ ರುಜು ನಮ್ಮಪ್ಪನದು. ಆ ನೀರು ನಾನು ಕಂಡಿದ್ದು. ಹೇಳಾಕೆ ಬಂದೀನಿ.”

ಬಂಗಾರಪ್ಪ ಧಡಕ್ಕನೆ ಎದ್ದ. “ಅಕ್ಕಾ, ಸುಮ್ನೆ ಕುಂದ್ರು! ನಿನಗೆ ತವರು ಬೇಕೋ ಬ್ಯಾಡೋ?”

“ಬೇಕು ಕಣಪ್ಪ,” ಎಂದರು ಶಂಕರಮ್ಮ. “ಅದಕ್ಕೇ ಎದ್ದು ನಿಂತೀನಿ.”

ತಹಶೀಲ್ದಾರರು ಗುಮಾಸ್ತನಿಗೆ ಹೇಳಿಕೆ ಬರೆದುಕೊಳ್ಳಲು ಹೇಳಿದರು. ಮೆಟ್ಟಿಲೆಷ್ಟು, ನೀರೆಲ್ಲಿಗಿತ್ತು, ಕೊಡ ಹೊತ್ತವರು ಯಾರು — ಒಂದೊಂದನ್ನೂ ಶಂಕರಮ್ಮ ತಡವರಿಸದೆ ಹೇಳಿದರು. ಎಂಟು ದಿನದೊಳಗೆ ಬೇಲಿ ಕೀಳಬೇಕೆಂದು ಆಜ್ಞೆಯಾದಾಗ ಬಂಗಾರಪ್ಪ ಅಕ್ಕನ ಮುಖ ನೋಡದೆ ಹೊರಗೆ ನಡೆದುಬಿಟ್ಟ. ಶಂಕರಮ್ಮ ಹೇಳಿಕೆಯ ಕೆಳಗೆ ರುಜು ಹಾಕಿ ತಿರುಗಿದರು. ಓಬವ್ವ ಬೆಂಚಿನ ಮೇಲೆ ಸರಿದು, ತನ್ನ ಪಕ್ಕದಲ್ಲಿ ಜಾಗ ಮಾಡಿ, ಅವರ ಕೈಹಿಡಿದು ಕೂರಿಸಿಕೊಂಡಳು.